ಬಾಲ ಭಾರ

ಉದಯ ರಟ್ಟಿನ ಪೆಟ್ಟಿಗೆಯ ಟೇಪನ್ನು ಉಗುರಿನಿಂದ ಎಬ್ಬಿಸುತ್ತಿದ್ದಾಗ ರಮ್ಲತ್ ಚಾದ ಲೋಟಗಳನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಪೆಟ್ಟಿಗೆ ಅವಳ ಗಂಡ ಹಿಶಾಮನದು. ದುಬೈಯಲ್ಲಿರುವ ಅವಳ ತಮ್ಮ ಸಫೀರ್ ಕಳೆದ ರಜೆಯಲ್ಲಿ ಬಂದಾಗ ಭಾವನಿಗೆಂದೇ ತಂದುಕೊಟ್ಟ ರಿಮೋಟ್ ವಿಮಾನ ಅದರೊಳಗಿತ್ತು. ತಂದು ಹೆಚ್ಚು ದಿನವಾಗಿರಲಿಲ್ಲ, ಮನೆಯ ಹಿಂದಿನ ರಬ್ಬರ್ ಶೀಟಿನ ರೋಲರಿಗೆ ಹಿಶಾಮನ ಬಲಗೈ ಸಿಕ್ಕಿತು. ಹೆಬ್ಬೆರಳು, ಕಿರುಬೆರಳು ಉಳಿದವು. ನಡುವಿನ ಮೂರು ಹೋದವು. ಪೆಟ್ಟಿಗೆ ಬೀರುವಿನ ಮೇಲೆ ಸೇರಿತು.

ಇವತ್ತು ಅವನೇ ಫೋನು ಮಾಡಿ ಉದಯನನ್ನು ಕರೆಸಿದ್ದ. ಉದಯನದು ಕಡಬದಲ್ಲಿ ಫೋಟೋ ಸ್ಟುಡಿಯೊ. ಅವನ ಹಳೆಯ ಥರ್ಮಾಕೋಲ್ ವಿಮಾನವನ್ನು ಇಬ್ಬರೂ ಸೇರಿ ಅದೆಷ್ಟೋ ಭಾನುವಾರ ಹಾರಿಸಿದ್ದರು, ಬೀಳಿಸಿದ್ದರು, ಅಂಟು ಹಾಕಿ ಮತ್ತೆ ಹಾರಿಸಿದ್ದರು.

"ಕೊಂಡುಹೋಗು ಮಾರಾಯ," ಎಂದ ಹಿಶಾಮ್. "ಇಲ್ಲಿದ್ದು ಎಂತ ಮಾಡ್ಲಿಕ್ಕುಂಟು?"

ಕೆಂಪು, ಬಿಳಿ ಹಾಳೆ ಬಿಗಿದ ರೆಕ್ಕೆಗಳು ಹೊರಬಂದವು. ಮುಕ್ಕಾಲು ಪಾಲು ಕಂಪನಿಯೇ ಮಾಡಿ ಕಳಿಸಿದ್ದು. ರೆಕ್ಕೆ, ಬಾಲ, ಮೋಟರುಗಳನ್ನು ಕೂರಿಸಿ ಜೋಡಿಸುವ ಕೆಲಸ ಮಾತ್ರ ಬಾಕಿ. ಉದಯ ಬಾಲದ ಅಡ್ಡಪಟ್ಟಿಯನ್ನು ಎತ್ತಿ ಅದರ ಸೀಳಿನಲ್ಲಿ ತುರುಕಲು ನೋಡಿದ.

"ಹಾಗಲ್ಲ. ಅಡಿಮೇಲು ಹಿಡಿದಿದ್ದಿ," ಎಂದು ಹಿಶಾಮ್ ಎಡಗೈಯಲ್ಲಿ ಅದನ್ನು ಕಿತ್ತುಕೊಂಡ. ಕಣ್ಣಿನ ಮಟ್ಟಕ್ಕೆ ಹಿಡಿದು, ಅಂಚು ನೇರವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ನೋಡುತ್ತಲೇ ಇದ್ದ. ರಮ್ಲತ್ ಚಾ ಇಟ್ಟದ್ದೂ ಅವನಿಗೆ ತಿಳಿಯಲಿಲ್ಲ.

"ಇವತ್ತು ಬೇಡ ಉದಯ," ಎಂದ ಕೊನೆಗೆ. "ನಾನು ಫೋನು ಮಾಡ್ತೇನೆ."

ಉದಯ ಚಾ ಕುಡಿದು ಎದ್ದ. ಗೇಟಿನ ಹತ್ತಿರ ಬೈಕ್ ತಿರುಗಿಸಿಕೊಳ್ಳುತ್ತಾ ರಮ್ಲತಳಿಗೆ ಮಾತ್ರ ಕೇಳುವಂತೆ ಹೇಳಿದ: "ಅತ್ತಿಗೆ, ನೀವು ಸಹಾಯಕ್ಕೆ ಹೋಗ್ಬೇಡಿ. ಅವ ಕೇಳಿದ್ರೆ ಮಾತ್ರ."

ಹೇಳುವುದು ಸುಲಭ. ಆಸ್ಪತ್ರೆಯಿಂದ ಬಂದಂದಿನಿಂದ ಅವನ ಅಂಗಿಯ ಗುಂಡಿ ಹಾಕಿದವಳು, ಮೀನಿನ ಮುಳ್ಳು ಬಿಡಿಸಿ ತಟ್ಟೆಗಿಟ್ಟವಳು ಅವಳು. ಬೇಡ ಎಂದು ಅವನು ಒಮ್ಮೆಯೂ ಹೇಳಿರಲಿಲ್ಲ. ಸುಮ್ಮನೆ ಕೈ ಚಾಚಿಕೊಂಡು ಗೋಡೆ ನೋಡುತ್ತಾ ನಿಲ್ಲುತ್ತಿದ್ದ. ಆ ಸುಮ್ಮನಿರುವಿಕೆಗಿಂತ ಎರಡು ಬೈಗುಳವೇ ವಾಸಿ ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು.

ಈಗ ಬೈಗುಳ ಧಾರಾಳವಾಗಿ ಕೇಳಿಸತೊಡಗಿತು. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ಹಿಶಾಮ್ ಬೆಳಗ್ಗೆಯೇ ಕೂತುಬಿಡುತ್ತಿದ್ದ. ಸ್ಕ್ರೂಡ್ರೈವರನ್ನು ಹೆಬ್ಬೆರಳು, ಕಿರುಬೆರಳುಗಳ ನಡುವೆ ಸಿಕ್ಕಿಸಿಕೊಂಡು ತಿರುಗಿಸುವಾಗ ಅದು ಜಾರುತ್ತಿತ್ತು. ಅವನು ಸ್ಕ್ರೂವಿಗೆ ಬೈಯುತ್ತಿದ್ದ, ಸ್ಕ್ರೂ ಮಾಡಿದವನಿಗೆ ಬೈಯುತ್ತಿದ್ದ, ಮತ್ತೆ ಶುರು ಮಾಡುತ್ತಿದ್ದ. ಕೂದಲೆಳೆಯಂಥ ತಂತಿಯನ್ನು ಬಾಲದವರೆಗೆ ತೂರಿಸಲು ಒಂದು ಇಡೀ ಮಧ್ಯಾಹ್ನ ಹೋಯಿತು. ಒಮ್ಮೆ ಸಾಸಿವೆ ಗಾತ್ರದ ಸ್ಕ್ರೂ ಉರುಳಿ ಕಾಣೆಯಾದಾಗ ಅವನು ನೆಲದ ಮೇಲೆ ಬೋರಲು ಮಲಗಿ ಫ್ರಿಜ್ಜಿನ ಅಡಿಯಲ್ಲಿ ಹುಡುಕಿದ. ಸ್ಕ್ರೂ ರಮ್ಲತಳ ಕಾಲಬುಡದಲ್ಲೇ ಮಿನುಗುತ್ತಿತ್ತು. ಅವಳು ಬಾಗಲಿಲ್ಲ. ತುಂಬಿದ ಕೊಡವನ್ನೇ ಇನ್ನೊಮ್ಮೆ ತುಂಬಲು ಹೊರಗೆ ಹೋದಳು. ಬರುವಾಗ ಸ್ಕ್ರೂ ಅದರ ತೂತಿನಲ್ಲಿ ಕೂತಿತ್ತು, ಹಿಶಾಮನ ಗಡ್ಡದಲ್ಲಿ ಜೇಡನ ಬಲೆ ಅಂಟಿತ್ತು.

ಬಾಲ ಅಂಟಿಸಿದ. ಮೋಟರು ಕೂರಿಸಿದ. ರಿಮೋಟಿನ ಕಡ್ಡಿ ಒತ್ತಿದಾಗ ರೆಕ್ಕೆಯ ಪಟ್ಟಿ ಜಿರ್ರೆಂದು ಎದ್ದು ಇಳಿಯಿತು. ಅವತ್ತು ಅವನು ಅವಳನ್ನು ಕರೆಯಲಿಲ್ಲ, ಆದರೆ ಅವಳು ನೋಡುವವರೆಗೂ ಒತ್ತುತ್ತಲೇ ಇದ್ದ.

ಮರುದಿನ ಅವಳು ಅಕ್ಕಿ ಆರಿಸುತ್ತಿದ್ದಾಗ ಒಳಗಿನಿಂದ ಮಾತು ಬಂತು. "ರಮ್ಲತ್, ಒಂದು ಬೆರಳು ಕೊಡು."

ಅವಳು ಕೈ ಒರೆಸಿಕೊಂಡು ಬಂದಳು. ಪೂರ್ತಿ ಜೋಡಿಸಿದ ವಿಮಾನ ಮೇಜನ್ನು ಇಡಿಯಾಗಿ ತುಂಬಿತ್ತು. ರೆಕ್ಕೆಯ ಅಡಿಯಲ್ಲಿ ಎರಡೂ ಕಡೆ ಪೆನ್ನಿನಿಂದ ಒಂದೊಂದು ಚುಕ್ಕೆ ಇಟ್ಟಿದ್ದ. ಆ ಚುಕ್ಕೆಗಳಲ್ಲಿ ಬೆರಳ ತುದಿಯಿಟ್ಟು ಎತ್ತಿದರೆ ವಿಮಾನ ತಕ್ಕಡಿಯ ಹಾಗೆ ಸಮ ನಿಲ್ಲಬೇಕು. "ಮೂತಿ ಒಂಚೂರು ತಗ್ಗಿದ್ರೂ ಅಡ್ಡಿಲ್ಲ. ಬಾಲ ತಗ್ಗಿದ್ರೆ ಹಾರಿದ ಕೂಡ್ಲೇ ಆಕಾಶಕ್ಕೆ ಮುಖ ಮಾಡಿ ಕೆಳಗೆ ಬೀಳ್ತದೆ," ಎಂದ. "ನನ್ನ ಈ ಕಿರುಬೆರಳು ನೇರ ಆಗುದಿಲ್ಲ. ಪ್ರಯತ್ನ ಮಾಡಿ ನೋಡಿದೆ."

ಆ ಕೈಯ ಬಗ್ಗೆ ಅವನು ಇಷ್ಟು ಸಹಜವಾಗಿ ಆಡಿದ್ದು ಇದೇ ಮೊದಲು. ಒಂದು ಚುಕ್ಕೆಗೆ ಅವನ ಎಡಗೈಯ ತೋರುಬೆರಳು, ಇನ್ನೊಂದಕ್ಕೆ ಅವಳದು. ಇಬ್ಬರೂ ಉಸಿರು ಹಿಡಿದು ಎತ್ತಿದರು. ವಿಮಾನ ಒಂದು ಗಳಿಗೆ ನಿಂತಂತೆ ಮಾಡಿ, ನಿಧಾನಕ್ಕೆ ಹಿಂದಕ್ಕೆ ಕೂತಿತು.

"ಬಾಲ ಭಾರ," ಎಂದ ಹಿಶಾಮ್. "ಅಂಟು ಜಾಸ್ತಿ ಸುರಿದದ್ದು ನಾನೇ."

ಬ್ಯಾಟರಿಯನ್ನು ಆದಷ್ಟು ಮುಂದಕ್ಕೆ ದೂಡಿ ನೋಡಿದರು. ಆದರೂ ಬಾಲ ತಗ್ಗಿಯೇ ಇತ್ತು. ಮೂತಿಯೊಳಗೆ ಸೀಸ ಇಡಬೇಕು ಎಂದ ಅವನು. ಕಾರಿನ ಚಕ್ರದ ತೂಕ ಸರಿಪಡಿಸಲು ರಿಮ್ಮಿಗೆ ಅಂಟಿಸುವ ಪಟ್ಟಿ ಸೀಸವಾದರೆ ಒಳ್ಳೆಯದು. ಆ ಸೀಸ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತು. ನೆಲ್ಯಾಡಿಯಲ್ಲಿ, ಹೈವೇ ಬದಿಯ ಅವನದೇ ಟಯರ್ ಅಂಗಡಿಯಲ್ಲಿ. ಬೆರಳು ಹೋದ ಮೇಲೆ ಅವನು ಆ ಮೆಟ್ಟಿಲು ಹತ್ತಿರಲಿಲ್ಲ. ಪಾಲುದಾರ ಹಕೀಮ್ ಒಬ್ಬನೇ ನಡೆಸುತ್ತಿದ್ದ.

ಹಕೀಮನಿಗೆ ಫೋನು ಮಾಡಿ ತರಿಸುತ್ತೇನೆ ಎಂಬ ಮಾತು ರಮ್ಲತಳ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಬಿಸಿಲುಂಟು," ಎಂದಳು. "ಕೊಡೆ ಹಿಡ್ಕೊಂಡು ಹೋಗಿ."

ಅವನು ಅವಳ ಮುಖವನ್ನೊಮ್ಮೆ ನೋಡಿದ. ಕೊಡೆ ತೆಗೆದುಕೊಳ್ಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮಧ್ಯಾಹ್ನದ ಅನ್ನ ತಣ್ಣಗಾಯಿತು. ಮಸೀದಿಯಲ್ಲಿ ಸಂಜೆಯ ಅಸರ್ ಬಾಂಗ್ ಆಯಿತು. ರಮ್ಲತ್ ಎರಡು ಸಲ ಗೇಟಿನವರೆಗೆ ಹೋಗಿ ಬಂದಳು. ಅವನು ಬಂದಾಗ ಅಂಗಿಯ ಎದೆಯ ಮೇಲೆ ಅಂಗೈ ಅಗಲದ ಗ್ರೀಸಿನ ಕಲೆಯಿತ್ತು, ಕಿಸೆ ಸೀಸದ ಭಾರಕ್ಕೆ ಜೋತಿತ್ತು.

"ಹಕೀಮನಿಗೆ ಆ ಚಕ್ರದ ತೂಕ ನೋಡುವ ಮೆಷಿನ್ ಇನ್ನೂ ಸರಿ ಕೈಗೆ ಹತ್ತಲಿಲ್ಲ," ಎನ್ನುತ್ತಾ ತಟ್ಟೆಯ ಮುಂದೆ ಕೂತ. "ಧರ್ಮಸ್ಥಳಕ್ಕೆ ಹೋಗುವವರ ಕಾರು, ಸ್ಟೇರಿಂಗ್ ನಡುಗ್ತದೆ ಅಂತ ವಾಪಸ್ ಬಂದಿದ್ರು. ನಾನು ನಿಂತು ಮಾಡಿಸಿದೆ. ನಾಳೆಯೂ ಹೋಗ್ಬೇಕು." ಬಂಗುಡೆಯ ಮುಳ್ಳನ್ನು ತಾನೇ ಬಿಡಿಸಿಕೊಂಡು, ಮಾತಿನ ನಡುವೆ ಎರಡನೆಯ ಮೀನನ್ನೂ ಹಾಕಿಸಿಕೊಂಡ. ರಾತ್ರಿ ಆ ಅಂಗಿಯನ್ನು ಸೋಪಿನ ನೀರಿಗೆ ಹಾಕುವ ಮೊದಲು ರಮ್ಲತ್ ಒಮ್ಮೆ ಮೂಗಿನ ಹತ್ತಿರ ಹಿಡಿದಳು. ರಬ್ಬರು, ಗ್ರೀಸು, ಬೆವರು. ಮದುವೆಯಾದ ಹೊಸದರಲ್ಲಿ ಅವಳಿಗೆ ಆಗದಿದ್ದ ವಾಸನೆ.

ಬೆಳಗ್ಗೆ ಸೀಸದ ತುಂಡುಗಳನ್ನು ಒಂದೊಂದಾಗಿ ಮೂತಿಯೊಳಗೆ ಅಂಟಿಸುತ್ತಾ, ಪ್ರತಿ ತುಂಡಿಗೂ ಎತ್ತಿ ನೋಡಿದರು. ಕೊನೆಗೊಮ್ಮೆ ಬಾಲ ಎದ್ದಿತು, ಮೂತಿ ಕೂದಲಷ್ಟು ಬಾಗಿ ನಿಂತಿತು. ಇಬ್ಬರ ಎರಡು ಬೆರಳ ಮೇಲೆ ಅಷ್ಟು ದೊಡ್ಡ ವಿಮಾನ ಅಲ್ಲಾಡದೆ ನಿಂತಿತ್ತು. ರಮ್ಲತಳ ತೋಳು ಸೋಲುತ್ತಿತ್ತು. ಇಳಿಸೋಣ ಎಂದು ಅವನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಭಾನುವಾರ ಕಾಣಿಯೂರಿನ ಹತ್ತಿರ, ಕೊಯ್ಲು ಮುಗಿದ ಗದ್ದೆಗೆ ಹೋದರು. ರಿಮೋಟನ್ನು ಹಿಶಾಮ್ ಪಟ್ಟಿ ಹಾಕಿ ಕೊರಳಿಗೆ ನೇತುಹಾಕಿಕೊಂಡ. ಕಡ್ಡಿಗಳ ಮೇಲೆ ಎರಡೂ ಹೆಬ್ಬೆರಳು. ಉದಯ ವಿಮಾನವನ್ನು ತಲೆಯ ಮೇಲೆತ್ತಿ ಹಿಡಿದು, "ಬಿಡ್ಲಾ?" ಎಂದ.

"ಬಿಡು."

ಎರಡು ಹೆಜ್ಜೆ ಓಡಿ ಉದಯ ಎಸೆದ. ವಿಮಾನ ಕೂಳೆಯ ಕಡೆಗೆ ಕುಸಿಯಿತು. ರಮ್ಲತ್ ಶಾಲಿನ ತುದಿ ಬಾಯಿಗೆ ಒತ್ತಿಕೊಂಡಳು. ನೆಲ ಮುಟ್ಟಿತು ಎನ್ನುವಾಗ ಅದು ಮೂತಿ ಎತ್ತಿ, ಬದುವಿನ ಹುಲ್ಲು ಸವರಿಕೊಂಡು, ಮೇಲೆ ಹೋಯಿತು. ನೀರಿನ ತೋಡಿನ ಆಚೆ ತಿರುಗಿ, ತೆಂಗಿನ ತಲೆಗಳ ಮೇಲಿಂದ ಬಂದು, ಅವರ ನೆತ್ತಿಯ ಮೇಲೆ ಗೆರೆ ಎಳೆದ ಹಾಗೆ ನೇರ ಹಾದುಹೋಯಿತು.

"ಕೈ ಬಿಟ್ಟಿದ್ದೇನೆ ನೋಡು ಉದಯ," ಎಂದ ಹಿಶಾಮ್. ಎರಡೂ ಹೆಬ್ಬೆರಳು ಗಾಳಿಯಲ್ಲಿದ್ದವು. "ಅದರಷ್ಟಕ್ಕೆ ಹೋಗ್ತಾ ಉಂಟು."

ಗದ್ದೆಯ ಯಜಮಾನ್ತಿ ಸೇವಂತಿ, ಕಂಕುಳಲ್ಲಿ ಹುಲ್ಲಿನ ಕಟ್ಟು ಹಿಡಿದವಳು, ಬದುವಿನ ಮೇಲೆ ರಮ್ಲತಳ ಪಕ್ಕ ಬಂದು ನಿಂತಳು. "ಯಾರು ಮಾಡಿದ್ದು ಇದನ್ನು?"

"ನನ್ನ ಯಜಮಾನ್ರು," ಎಂದಳು ರಮ್ಲತ್.

ಸೇವಂತಿಯ ಕಣ್ಣು ಹಿಶಾಮನ ಕೈಯ ಮೇಲೆ ಹೋಯಿತು, ಅಲ್ಲೇ ಸ್ವಲ್ಪ ನಿಂತಿತು. ರಮ್ಲತ್ ತಲೆ ತಗ್ಗಿಸಲಿಲ್ಲ. "ಅವರೊಬ್ಬರೇ ಮಾಡಿದ್ದು," ಎಂದಳು ಮತ್ತೊಮ್ಮೆ, ಸ್ವಲ್ಪ ಜೋರಾಗಿ.

ಇಳಿಯುವಾಗ ಗಾಳಿ ಸ್ವಲ್ಪ ಎತ್ತಿಹಾಕಿತು. ವಿಮಾನ ಗದ್ದೆಯ ಆ ಕೊನೆಗೆ ಹೋಗಿ, ಕೂಳೆಯ ಮೇಲೆ ಹೊಟ್ಟೆಯೂರಿ ಜಾರಿ, ಒಂದು ಬದುವಿನ ಮರೆಯಲ್ಲಿ ನಿಂತಿತು. ಇಲ್ಲಿಂದ ಅದರ ಬಾಲ ಮಾತ್ರ ಕಾಣುತ್ತಿತ್ತು. ಉದಯ ಆ ಕಡೆ ಓಡಿದ.

"ಮುರಿದುಹೋಯ್ತಾ ಎಂತ?" ಎಂದಳು ಸೇವಂತಿ.

ಹಿಶಾಮ್ ಬಲಗೈಯ ಹೆಬ್ಬೆರಳನ್ನು ಕಡ್ಡಿಯ ಮೇಲೆ ಮೆಲ್ಲಗೆ ಆಡಿಸಿದ. ದೂರದಲ್ಲಿ, ಒಣಗಿದ ಕೂಳೆಯ ನಡುವೆ, ಬಾಲದ ಕೆಂಪು ಪಟ್ಟಿ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು.