ನೆಟ್ಟಗಾಗುತ್ತಾ ಹೋದ ಮರ

ಗುಂಪಿನಲ್ಲಿ ದಿನಕ್ಕೊಬ್ಬರಾದರೂ ಕೇಳುವ ಪ್ರಶ್ನೆಗಳು ಕೆಲವಿದ್ದವು. ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಬೇಕು? ಗರಗಸ ಯಾಕೆ ಡೊಂಕಾಗಿ ಕೊಯ್ಯುತ್ತದೆ? ಬಿಸಿಯಾದ ಮೇಲೆ ಯಾಕೆ ಸ್ಟಾರ್ಟ್ ಆಗುವುದಿಲ್ಲ? ಚೈನ್‌ಸಾ ಎಂಬ ಮರ ಕೊಯ್ಯುವ ಯಂತ್ರವನ್ನು ಮೆಚ್ಚುವವರ ಆನ್‌ಲೈನ್ ಗುಂಪು ಅದು. ಅರ್ಧ ಜನ ಮರ ಕೊಯ್ದವರು, ಉಳಿದರ್ಧ ಕೊಯ್ಯುವುದನ್ನು ಫೋನಿನಲ್ಲಿ ನೋಡಿದವರು. ಉತ್ತರ ಕೊಡುವುದರಲ್ಲಿ ಎರಡನೆಯವರೇ ಮುಂದು.

ಗುಂಪನ್ನು ನೋಡಿಕೊಳ್ಳುವ ಹೊಣೆ ನನ್ನದು. ನನ್ನ ಕೆಲಸ ಒಂದು ಪ್ರಯೋಗಾಲಯದಲ್ಲಿ. ಕಟ್ಟಡಗಳಿಗೆ ಹೋಗುವ ಉಕ್ಕಿನ ಸರಳುಗಳನ್ನು ಮುರಿಯುವ ತನಕ ಎಳೆದು, ಎಷ್ಟು ಎಳೆತಕ್ಕೆ ಮುರಿದವು ಎಂದು ಬರೆದುಕೊಡುತ್ತೇನೆ. ಒಮ್ಮೆ ಚೈನಿನ ಒಂದು ಹಲ್ಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗಿನಿಂದ ಈ ಯಂತ್ರದ ಹುಚ್ಚು ಹಿಡಿಯಿತು. ಗುಂಪಿನಲ್ಲಿ ನನ್ನ ಹೆಸರು ‘ಅಳತೆಗೋಲು’. ಎಲ್ಲ ಪ್ರಶ್ನೆಗಳಿಗೂ ಚಿತ್ರ ಸಮೇತ ಉತ್ತರ ಬರೆದು, ಗುಂಪಿನ ನೆತ್ತಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂರಿಸಿದ್ದೆ. ಯಾರೂ ಓದುತ್ತಿರಲಿಲ್ಲ. ಹಾಗಾಗಿ ಯಾರು ಏನೇ ಕೇಳಿದರೂ ‘ಮೇಲೆ ಓದಿ’ ಎಂದು ಎರಡು ಪದ ಬರೆದು ಸುಮ್ಮನಾಗುವುದು ರೂಢಿಯಾಗಿತ್ತು.

‘ದೊಡ್ಡಣ್ಣ’ ಎಂಬ ಹೆಸರಿನವನು ಹಾಗಲ್ಲ. ಪ್ರಶ್ನೆ ಬೀಳುವುದೇ ತಡ, ಉತ್ತರ ಹಾಕುತ್ತಿದ್ದ. ಗರಗಸ ಎಗರಿದಾಗ ಚೈನನ್ನು ತಟ್ಟನೆ ನಿಲ್ಲಿಸುವ ಬ್ರೇಕ್ ಕಿರಿಕಿರಿಯಾದರೆ ಕಿತ್ತು ಬಿಸಾಕಿ ಎನ್ನುತ್ತಿದ್ದ. ಮೊಂಡಾದ ಹಲ್ಲಿಗೆ ಅರ ಯಾಕೆ, ಜೋರಾಗಿ ಒತ್ತಿ ಎನ್ನುತ್ತಿದ್ದ. ಜನ ಅವನಿಗೆ ಚಪ್ಪಾಳೆಯ ಚಿತ್ರ ಹಾಕುತ್ತಿದ್ದರು.

ಆ ದಿನಗಳಲ್ಲಿ ‘ಹೊಸಬ’ ಎಂಬೊಬ್ಬ ಸದಸ್ಯ ವಾರಕ್ಕೊಮ್ಮೆ ಬಂದು ಒಂದೇ ಪ್ರಶ್ನೆ ಕೇಳತೊಡಗಿದ. ಮನೆಯ ಹಿಂದೆ ಒಂದು ನೀಲಗಿರಿ ಮರವಿದೆ, ಮನೆಯ ಕಡೆಗೇ ಒರಗಿದೆ, ಹಗ್ಗ ಕಟ್ಟಿ ಕಾರಿನಿಂದ ಎಳೆಸುತ್ತಾ ಕೊಯ್ದರೆ ಆಚೆ ಕಡೆ ಬೀಳಿಸಬಹುದೇ? ಹೆಚ್ಚಿನವರು ಬೇಡ ಎಂದರು. ನಾನು ಮೇಲೆ ಓದಿ ಎಂದೆ. ಮುಂದಿನ ವಾರ ಅದೇ ಪ್ರಶ್ನೆ, ಆದರೆ ಒಂದು ವ್ಯತ್ಯಾಸ. ಮೊದಲು ‘ಚೆನ್ನಾಗಿಯೇ ಒರಗಿದೆ’ ಎಂದಿದ್ದ ಮರ ಈಗ ‘ಸ್ವಲ್ಪ ಒರಗಿದೆ’. ಅದರ ಮುಂದಿನ ವಾರ ‘ಒರಗಿದ ಹಾಗೆ ಕಾಣುತ್ತದೆ’. ಆಮೇಲೆ ‘ಹೆಚ್ಚು ಕಡಿಮೆ ನೆಟ್ಟಗೇ ಇದೆ ಎನ್ನಬಹುದು’.

ಅಷ್ಟು ಬೇಗ ನೆಟ್ಟಗಾಗುವ ಮರ ಸಸ್ಯಶಾಸ್ತ್ರಕ್ಕೆ ಗೊತ್ತಿಲ್ಲ. ಆದರೆ ಈ ಚಾಳಿ ನನಗೆ ಹೊಸದಲ್ಲ. ಬೇಕಾದ ಅಂಕಿ ಬರುವ ತನಕ ಬೇರೆ ಬೇರೆ ಸರಳು ಹೊತ್ತು ತರುವ ಗುತ್ತಿಗೆದಾರರನ್ನು ನಾನು ನೋಡಿದ್ದೇನೆ. ಹೊಸಬನಿಗೆ ಬೇಕಾಗಿದ್ದದ್ದು ಉತ್ತರವಲ್ಲ, ಒಂದು ಹೂಂ.

ಕೊನೆಗೂ ಅದು ಸಿಕ್ಕಿತು. ಶನಿವಾರ ಸಂಜೆ ದೊಡ್ಡಣ್ಣ ಬರೆದ: ‘ನೆಟ್ಟಗಿರೋ ಮರಕ್ಕೆ ಇಷ್ಟು ಯೋಚನೆ ಯಾಕ್ರೀ? ಗಟ್ಟಿ ಹಗ್ಗ ಕಟ್ಟಿ, ಎಳೆಸಿ, ಹೊಡೀರಿ.’ ಹೊಸಬ ಕೈಮುಗಿದ ಚಿತ್ರ ಹಾಕಿ, ‘ನಾಳೆ ಬೆಳಗ್ಗೆಯೇ ಮುಗಿಸುತ್ತೇನೆ’ ಎಂದು ಬರೆದು, ಜೊತೆಗೊಂದು ಫೋಟೋ ಹಾಕಿದ. ಮರವನ್ನು ನೆಟ್ಟಗೆ ತೋರಿಸಲು ಫೋನನ್ನೇ ಓರೆಯಾಗಿ ಹಿಡಿದಿದ್ದ. ಹಿಂದಿನ ಗೋಡೆ ವಾಲಿತ್ತು.

ಫೋಟೋದ ಮೂಲೆಯಲ್ಲಿ ಒಂದು ಕಾರಿನ ತಲೆ ಕಾಣುತ್ತಿತ್ತು. ತಲೆಯ ಮೇಲೆ ಡ್ರೈವಿಂಗ್ ಶಾಲೆಯ ಹಳದಿ ಬೋರ್ಡು, ಬೋರ್ಡಿನ ಒಂದು ಮೂಲೆ ಮುರಿದಿತ್ತು. ಅದನ್ನು ಮುರಿದವನು ನಾನೇ. ಕಾರು ಕಲಿಯುವಾಗ ರಿವರ್ಸ್ ಹೋಗಿ ಶೆಡ್ಡಿನ ತಗಡಿಗೆ ತಾಗಿಸಿದ್ದೆ. ಅದು ಡ್ರೈವಿಂಗ್ ಕಲಿಸುವ ನನ್ನ ಭಾವನ ಕಾರು, ಅಕ್ಕನ ಹಿತ್ತಿಲು. ಮರ ಒರಗಿದ್ದು ಅಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ದಿನವೆಲ್ಲ ಕೂರುವ ಹಿಂದಿನ ಕೋಣೆಯ ಮೇಲೆ.

ಫೋನ್ ಮಾಡಲೇ ಎಂದು ಯೋಚಿಸಿದೆ. ಭಾವನ ಸ್ವಭಾವ ಬಲ್ಲವನು ನಾನು. ಬೇಡ ಎಂದು ಫೋನಿನಲ್ಲಿ ಹೇಳಿದರೆ, ಹೇಳಿದ್ದಕ್ಕಾಗಿಯೇ ಇನ್ನೂ ಒಂದು ಗಂಟೆ ಮೊದಲು ಶುರುಮಾಡುತ್ತಾರೆ. ಅದೂ ಹೆಂಡತಿಯ ತಮ್ಮ ಹೇಳಿದರೆ ಕೇಳುವುದೇ ಬೇಡ.

ಬೆಳಗ್ಗೆ ಹೋದಾಗ ಹಿತ್ತಿಲಿನಲ್ಲಿ ಎಲ್ಲ ಸಿದ್ಧವಾಗಿತ್ತು. ಮರದ ಬುಡದಲ್ಲಿ ಕಿತ್ತಳೆ ಬಣ್ಣದ ಹೊಸ ಚೈನ್‌ಸಾ. ಏಣಿ ಹತ್ತಿ ಸಾಕಷ್ಟು ಮೇಲೆ ಕಟ್ಟಿದ್ದ ಹಗ್ಗ ಕಾರಿನ ಹಿಂಬದಿಯ ಕೊಕ್ಕೆಗೆ ಬಂದು ಸೇರಿತ್ತು. ಕಾರು ಹಿಂದಿನ ಗೇಟಿಗೆ ಮುಖಮಾಡಿ ನಿಂತಿತ್ತು. ಭಾವ ಮೋಟಾರ್‌ಸೈಕಲ್ಲಿನ ಹೆಲ್ಮೆಟ್ ಹಾಕಿಕೊಂಡಿದ್ದರು.

“ಏನಪ್ಪ ಬಾಮೈದ, ದಾರಿ ತಪ್ಪಿ ಬಂದ್ಯಾ?”

“ಅಕ್ಕನ ಕೈ ಟೀ ಕುಡಿದು ತುಂಬ ದಿನ ಆಯ್ತು ಭಾವ.”

“ಟೀ ಎಲ್ಲಿ ಓಡಿಹೋಗುತ್ತೆ? ಇವತ್ತು ಮರ ಬೀಳೋದು ನೋಡ್ಕೊಂಡು ಹೋಗು. ಸರಳು ಮುರಿಯೋದು ಮಾತ್ರ ನೋಡಿದೀಯ ನೀನು.”

ಅಕ್ಕ ಲೋಟ ಹಿಡಿದು ಹೊರಗೆ ಬಂದಳು. “ನೀನಾದ್ರೂ ಹೇಳೋ ಇವರಿಗೆ. ಗಾಳಿ ಬಂದಾಗ ಆ ಕೋಣೇಲಿ ಕೂರಕ್ಕೆ ಭಯ ಆಗುತ್ತೆ ಅಂತ ಒಂದು ಮಾತು ಅಂದೆ ನೋಡು, ಅಂಗಡಿಗೆ ಹೋಗಿ ಮೆಷಿನ್ನೇ ತಂದುಬಿಟ್ರು. ಯಾರನ್ನಾದ್ರೂ ಕರೆಸ್ರೀ ಅಂದ್ರೆ, ಯಾಕೆ, ನಾನು ಸತ್ತಿದೀನಾ ಅಂತಾರೆ.”

“ಸುಮ್ನೆ ತಂದೆನಾ? ಎಲ್ಲ ವಿಚಾರಿಸಿದೀನಿ ಕಣೆ,” ಎಂದರು ಭಾವ. “ಇದಕ್ಕೇ ಅಂತ ಒಂದು ಗುಂಪಿದೆ, ಎಂಥೆಂಥಾ ಜನ ಇದಾರೆ ಗೊತ್ತಾ? ದೊಡ್ಡಣ್ಣ ಅಂತ ಒಬ್ರು, ಚಿನ್ನದಂಥ ಮನುಷ್ಯ, ಕೇಳಿದ ತಕ್ಷಣ ಹೇಳ್ತಾರೆ. ಅಳತೆಗೋಲು ಅಂತ ಇನ್ನೊಬ್ಬ ಇದಾನೆ, ಸಿಡುಕುಮೂತಿ. ಏನು ಕೇಳಿದ್ರೂ ಮೇಲೆ ಓದಿ, ಮೇಲೆ ಓದಿ. ಮನೇಲಿ ಹೆಂಡತಿ ಹತ್ರ ಬೈಸ್ಕೊಂಡು ಬಂದು ನಮ್ಮ ಮೇಲೆ ತೀರಿಸ್ಕೊಳ್ತಾನೆ.”

ಗುಂಪಿನಲ್ಲಿ ನನ್ನ ಹೆಸರೇನೆಂದು ಅಕ್ಕನಿಗೆ ಎಂದೋ ಹೇಳಿದ್ದೆ. ಅವಳಿಗೆ ಟೀ ನೆತ್ತಿಗೆ ಹತ್ತಿತು.

“ಇರಬಹುದು ಭಾವ, ಪಾಪ,” ಎಂದೆ.

ಹೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದೆಲ್ಲ ತಲೆಯಲ್ಲಿತ್ತು. ಒರಗಿದ ಮರದ ಭಾರ ಯಾವ ಕಡೆ ಜಗ್ಗುತ್ತದೆ, ಗಂಟು ಹಾಕಿದ ಹಗ್ಗದ ಬಲ ಎಷ್ಟು ಕುಂದುತ್ತದೆ, ಎಲ್ಲ. ಆದರೆ ಹಗ್ಗದ ಜಾಡು ಹಿಡಿದು ನನ್ನ ಕಣ್ಣು ಮರದಿಂದ ಕಾರಿಗೆ ಹೋದಾಗ ಬಾಯಿಂದ ಹೊರಟಿದ್ದು ಬೇರೆಯೇ.

“ಕಾರಲ್ಲಿ ಯಾರು ಕೂರ್ತಾರೆ?”

“ನಿಮ್ಮಕ್ಕ. ಇನ್ಯಾರು? ನಾನೇ ಕಲಿಸಿರೋದು, ನಿನ್ನ ಹಾಗೆ ಬೋರ್ಡು ಮುರಿಯಲ್ಲ.”

ಇಷ್ಟು ವಾರ ಗುಂಪಿನಲ್ಲಿ ಒರಗಿದ್ದು ಎಷ್ಟು, ಹಗ್ಗ ಎಷ್ಟು ದಪ್ಪ, ಮೊದಲ ಕಚ್ಚು ಎಷ್ಟು ಆಳ ಎಂದು ಜಗಳವಾಗಿತ್ತು. ಇದೊಂದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಹಗ್ಗ ಕಾರಿನ ತನಕ ಬಂದಿದೆ. ಮರ ಎಲ್ಲಿ ತನಕ ಬರುತ್ತೆ ಭಾವ?”

“ಮರ ಎಲ್ಲಿಗೆ ಬರುತ್ತೆ?” ಭಾವ ನಕ್ಕರು. “ಅದನ್ನ ಅಳೆಯೋದು ಗೊತ್ತಿಲ್ಲ ಅಂದ್ಕೊಂಡ್ಯಾ? ಆ ಸಿಡುಕುಮೂತಿ ಮೇಲೆ ಬರೆದು ಹಾಕಿದಾನೆ, ಪೂರ್ತಿ ಓದಿದೀನಿ. ನೋಡು ಹೇಗೆ ಅಂತ.”

ಇಡೀ ಗುಂಪಿನಲ್ಲಿ ಅದನ್ನು ಓದಿದ ಒಬ್ಬನೇ ಒಬ್ಬ ಮನುಷ್ಯ ನನ್ನ ಭಾವ.

ಅವರು ಪೊರಕೆಯ ಕೋಲೊಂದನ್ನು ತೆಗೆದುಕೊಂಡರು. ತೋಳು ಚಾಚಿ, ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ ಅಷ್ಟೇ ಉದ್ದದ ಕೋಲು ಮುಷ್ಟಿಯ ಮೇಲೆ ನಿಲ್ಲುವ ಹಾಗೆ ನೆಟ್ಟಗೆ ಹಿಡಿದರು. ಇನ್ನು ಹಿಂದಕ್ಕೆ ನಡೆಯುತ್ತಾ ಹೋಗಬೇಕು. ಮುಷ್ಟಿ ಮರದ ಬುಡಕ್ಕೂ ಕೋಲಿನ ತುದಿ ಮರದ ತುದಿಗೂ ಕೂಡಿ ಕಾಣುವ ಕಡೆ ನಿಲ್ಲಬೇಕು. ಬಿದ್ದ ಮರದ ತುದಿ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ.

“ನೀನು ಹೋಗಿ ಕೂತ್ಕೊ, ಎಂಜಿನ್ ಸ್ಟಾರ್ಟ್ ಮಾಡು,” ಎಂದು ಅಕ್ಕನಿಗೆ ಹೇಳಿ, ಕೋಲಿನಿಂದ ಕಣ್ಣು ತೆಗೆಯದೆ ಭಾವ ಹಿಂದೆ ಹಿಂದೆ ನಡೆದರು. ಅಕ್ಕ ನನ್ನ ಮುಖ ನೋಡಿದಳು. ಭಾವನ ಕೈಯಲ್ಲಿ ಇನ್ನೂ ಗರಗಸವಿಲ್ಲ, ಕೂತರೆ ಅಪಾಯವಿಲ್ಲ ಎಂದುಕೊಂಡು ನಾನು ಹೂಂ ಎಂಬಂತೆ ತಲೆಯಾಡಿಸಿದೆ. ಅವಳು ಹೋಗಿ ಕೂತಳು.

ಭಾವ ಕಾರಿನ ಹಿಂಬದಿಗೆ ಬಂದರು. ಕೋಲಿಗಿಂತ ಮರ ಇನ್ನೂ ಎತ್ತರ. ಕಾರಿನ ಪಕ್ಕಕ್ಕೆ ಸರಿದು, ಅಕ್ಕ ಕೂತಿದ್ದ ಕಿಟಕಿಯನ್ನು ದಾಟಿದರು. ಆಗಲೂ ಕೂಡಲಿಲ್ಲ. ಕಾರಿನ ಮೂತಿ ದಾಟಿದರು. ಕೊನೆಗೆ ಬೆನ್ನಿಗೆ ಗೇಟು ತಾಗಿದಾಗ ನಿಂತರು.

ಕೋಲು ಕೂಡಿತು ಎಂದು ಅವರ ತೋಳು ನೋಡಿದರೆ ಗೊತ್ತಾಗುತ್ತಿತ್ತು. ಅದು ಅಲುಗಲಿಲ್ಲ. ಕಣ್ಣು ಮಾತ್ರ ಮರದ ತುದಿಯಿಂದ ಇಳಿದು ಕಾರಿನ ಮೇಲೆ ಬಂತು. ಮರಕ್ಕೂ ಅವರಿಗೂ ನಡುವೆ, ಮುರಿದ ಬೋರ್ಡಿನ ಕೆಳಗೆ, ಅಕ್ಕ ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಅವರು ಕಲಿಸಿದ ಹಾಗೆಯೇ ನೆಟ್ಟಗೆ ಕೂತಿದ್ದಳು.

“ಏನ್ರೀ, ಗೇರ್ ಹಾಕ್ಲಾ?” ಎಂದು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು.

“ಬೇಡ,” ಎಂದರು ಭಾವ. ದನಿ ಸಣ್ಣಗಿತ್ತು. “ಆಫ್ ಮಾಡು. ಇಳಿ.”

ಅವಳು ಇಳಿದು ಈಚೆ ಬರುವ ತನಕ ಅವರು ಕೋಲು ಕೆಳಗಿಳಿಸಲಿಲ್ಲ. ಆಮೇಲೆ ಹೆಲ್ಮೆಟ್ ತೆಗೆದು, ಬಂದು, ಕೊಕ್ಕೆಯ ಗಂಟು ಬಿಚ್ಚತೊಡಗಿದರು. ಗಂಟು ಬಿಗಿದಿತ್ತು. ನಾನೂ ಕೂತು ಕೈಹಾಕಿದೆ.

“ಇನ್ನೂ ಉದ್ದದ ಹಗ್ಗ ತಂದ್ರೆ?” ಎಂದು ನೆಲ ನೋಡುತ್ತಾ ಕೇಳಿದರು.

“ಆಗ ಕಾರು ಉಳಿಯುತ್ತೆ. ಮರ ಒರಗಿರೋದು ಮನೆ ಕಡೆಗೇ ಅಲ್ವಾ ಭಾವ?”

“ಹೂಂ,” ಎಂದರು. “ಅದು ಮೊದಲಿಂದ ಗೊತ್ತು.”

ಗಂಟು ಬಿಚ್ಚಿತು. ಅವರು ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ಅಕ್ಕನ ಕಡೆ ನೋಡದೆಯೇ, “ನಾನು ಮಾಡ್ತೀನಿ ಅಂದಿದ್ದೆ ನಿನಗೆ,” ಎಂದರು.

“ನೀವು ಮರ ಕಡೀಲಿಲ್ಲ ಅಂತ ನಾನೇನು ಬೇರೆ ಗಂಡನ್ನ ಹುಡುಕ್ತೀನಾ? ಬನ್ನಿ ಒಳಗೆ, ಟೀ ಆರ್ತಾ ಇದೆ.”

ಮರ ಹತ್ತುವವರು ಮುಂದಿನ ವಾರ ಬಂದರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ತುದಿಯಿಂದ ತುಂಡು ತುಂಡಾಗಿ ಇಳಿಸಿದರು. ನೆಲಕ್ಕೆ ಬಂದ ತುಂಡುಗಳನ್ನು ಭಾವ ತಮ್ಮ ಗರಗಸದಲ್ಲೇ ಕೊಯ್ದರು, ಈ ಸಲ ಸರಿಯಾದ ಹೆಲ್ಮೆಟ್ ಹಾಕಿಕೊಂಡು. ನಾನು ಚೈನಿಗೆ ಅರ ಹಾಕಿಕೊಟ್ಟೆ. “ಎಡಗಡೆ ಹಲ್ಲು ಸರಿಯಾಗಿ ಉಜ್ಜಿಲ್ಲ ನೋಡು, ಡೊಂಕಾಗಿ ಹೋಗ್ತಿದೆ,” ಎಂದು ಬೈಸಿಕೊಂಡೆ. ನಿಜಕ್ಕೂ ಡೊಂಕಾಗಿ ಹೋಗುತ್ತಿತ್ತು. ಹಿಂದಿನ ಕೋಣೆಗೆ ಬೆಳಕು ಹೆಚ್ಚಾಗಿ, ಈಗ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡ ಎಂದು ಅಕ್ಕ ಹೇಳಿದಳು.

ಅಳತೆಗೋಲು ಯಾರೆಂದು ಭಾವನಿಗೆ ನಾನು ಹೇಳಲಿಲ್ಲ. ಅಕ್ಕ ಹೇಳಿದಳೋ ಏನೋ. ಅವರೂ ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಗುಂಪಿಗೆ ಬೇರೊಬ್ಬರು ಬಂದು ಕೇಳಿದರು: ಅಂಗಡಿಯ ಪಕ್ಕದಲ್ಲಿ ಒಂದು ಮರ ಒರಗಿದೆ, ಹಗ್ಗ ಕಟ್ಟಿ ಜೀಪಿನಿಂದ ಎಳೆಸಿದರೆ ಹೇಗೆ? ದೊಡ್ಡಣ್ಣ ಆಗಲೇ ಹಗ್ಗ ಗಟ್ಟಿ ಇದ್ದರೆ ಸಾಕು ಎಂದು ಬರೆದಾಗಿತ್ತು. ‘ಮೇಲೆ ಓದಿ’ ಎಂದು ಬರೆಯಲು ಹೊರಟ ಬೆರಳನ್ನು ತಡೆದು, ಉತ್ತರವನ್ನು ಮೊದಲಿನಿಂದ ಬರೆಯತೊಡಗಿದೆ. ಅರ್ಧಕ್ಕೆ ಬಂದಿರುವಾಗ ಹೊಸಬನ ಹೆಸರು ಮೂಡಿತು.

‘ಜೀಪಲ್ಲಿ ಯಾರು ಕೂತಿರ್ತಾರೆ?’ ಎಂದು ಅವನು ಕೇಳಿದ್ದ.

ಕೇಳಿದವರು ‘ನನ್ನ ತಮ್ಮ,’ ಎಂದು ಬರೆದರು.

ನಾನು ಬರೆಯುತ್ತಿದ್ದುದನ್ನು ಅಳಿಸಿ, ಹೊಸಬ ಮುಂದೇನು ಹೇಳುತ್ತಾನೆಂದು ಕಾದೆ.