ಗರ್ದಭಿಯ ನಾಲ್ಕನೆಯ ಅರ್ಥ

ಹೆಣ್ಣುಕತ್ತೆಗೆ ನಿಘಂಟಿನಲ್ಲಿ ಎಷ್ಟು ಸಾಲು ಸಲ್ಲಬೇಕು ಎಂಬುದು ಸಣ್ಣ ಸಂಗತಿಯಲ್ಲ. ನಿಘಂಟಿನ ಸಂಪಾದಕ ಅದಕ್ಕಾಗಿ ಮೂರು ವಾರ ತಲೆ ಕೆಡಿಸಿಕೊಂಡಿದ್ದ. ಒಂದು ಸಾಲು ಹೆಚ್ಚೇ ಆಯಿತೆಂದು ಅವನಿಗೆ ಹೊಳೆದದ್ದು ಮಾತ್ರ ಆ ಬೆಳಿಗ್ಗೆ, ಕರಡು ತಿದ್ದುವ ಮೇಜಿನ ಮುಂದೆ ಕುಳಿತಾಗ.

ಕಚೇರಿಯ ಪದ್ಧತಿ ಹಳೆಯದು: ಒಬ್ಬರು ಪದದ ಅರ್ಥ, ಪ್ರಯೋಗದ ವಾಕ್ಯ ಬರೆದಿಟ್ಟ ಚೀಟಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡನ್ನು ತಿದ್ದಬೇಕು. ಓದುವ ಗುಮಾಸ್ತ ಅಂದು ರಜೆ ಹಾಕಿದ್ದರಿಂದ ಸಂಪಾದಕನೇ ಓದಬೇಕಾಯಿತು. ತಿದ್ದುವವಳು ಅವನ ಹೆಂಡತಿ. ಹದಿನಾಲ್ಕು ವರ್ಷದಿಂದ ಅದೇ ಅವಳ ಕೆಲಸ.

“ಗರ್ದಭಿ. ನಾಮಪದ. ಗರ್ದ್, ಅಂದರೆ ಅರಚು, ಅದರಿಂದ ಬಂದದ್ದು. ಒಂದು, ಹೆಣ್ಣುಕತ್ತೆ. ಎರಡು, ಸಗಣಿಯಲ್ಲಿ ಹುಟ್ಟುವ ಒಂದು ಹುಳು. ಮೂರು, ಒಂದು ಚರ್ಮರೋಗ.” ಅವನು ನಿಲ್ಲಿಸಿ ನೀರು ಕುಡಿದ.

“ಪಾಪ, ಹುಳ, ಕಜ್ಜಿ ಎಲ್ಲಾ ಅದರ ತಲೆಗೇ ಕಟ್ಟಿದೀರಿ. ಮುಂದೆ ಓದಿ ರೀ, ಇಲ್ಲಿ ನಾಲ್ಕು ಅಂತಿದೆ.”

“ನಾಲ್ಕು... ಬೈಗುಳ. ದಡ್ಡ ಹೆಂಗಸು.”

“ಪ್ರಯೋಗ?”

ಹೋದ ವರ್ಷ ಮನೆಗೆ ನಾಲ್ವರು ಪಂಡಿತರು ಬಂದಿದ್ದರು. ಅವನು ಹೇಳಿದ ಯಾವುದೋ ಪದದ ಮೂಲ ತಪ್ಪೆಂದು ಹೆಂಡತಿ ಮೆಲ್ಲಗೆ ಅಂದಳು. ಅವನು ಉರಿದುಬಿದ್ದು ಒಂದು ಮಾತು ಒಗೆದ. ಪಂಡಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಪ್ಪು ಅವನದೇ ಎಂದು ಮರುದಿನ ಗೊತ್ತಾಯಿತು. ಅಷ್ಟರಲ್ಲಿ, ಇಷ್ಟು ಸೊಗಸಾದ ಪ್ರಯೋಗ ಹಾಳಾಗಬಾರದೆಂದು ಚೀಟಿ ಬರೆದು ಡಬ್ಬಿಗೆ ಹಾಕಿಯಾಗಿತ್ತು. ನಿಘಂಟು ಕಟ್ಟುವವರ ಚಟವೇ ಅಂಥದ್ದು: ಮನೆಗೆ ಬೆಂಕಿ ಬಿದ್ದರೂ ‘ಅಯ್ಯಯ್ಯೋ’ ಎಂಬುದಕ್ಕೊಂದು ಉದಾಹರಣೆ ಸಿಕ್ಕಿತೆನ್ನುತ್ತಾರೆ.

ಈಗ ಅವನ ಕಿವಿಗಳೆರಡೂ ಕೆಂಪಾದವು. “ಈ ಗರ್ದಭಿಗೆ ಕಸ್ತೂರಿ ವಾಸನೆ ಏನು ಗೊತ್ತು,” ಎಂದು ತಲೆ ಎತ್ತದೆ ಓದಿದ. “ತೆಗೆದುಬಿಡೋಣ. ತಪ್ಪಾಯ್ತು ಕಣೇ.”

ಅವಳ ಪೆನ್ಸಿಲ್ ಅಕ್ಷರದಿಂದ ಅಕ್ಷರಕ್ಕೆ ನಡೆಯಿತು. “ತೆಗೆಯೋದು ಯಾಕೆ? ಆಡಿದ್ದು ಆಡಿದ್ದೇ. ಆಡುಮಾತಾದರೆ ಯಾರು ಆಡಿದ್ದು, ಯಾರಿಗೆ ಆಡಿದ್ದು, ಯಾರೆದುರು ಆಡಿದ್ದು ಬರೀಬೇಕು. ನಿಮ್ಮದೇ ನಿಯಮ. ಅದೊಂದು ಬಿಟ್ಟಿದೀರಿ.”

“ಅಲ್ಲ ಕಣೇ, ನಾಲ್ಕು ಜನ ಓದ್ತಾರೆ...”

“ಅವತ್ತೂ ನಾಲ್ಕು ಜನ ಇದ್ರಲ್ಲ.”

ಅವಳು ಪೆನ್ಸಿಲ್ಲನ್ನು ಅವನತ್ತ ಸರಿಸಿದಳು. ಅವನೇ ಬರೆದ.

ನಿಘಂಟು ಅಚ್ಚಾಗಿ ಬಂತು. ಗರ್ದಭಿಗೆ ಅದರಲ್ಲಿ ನಾಲ್ಕು ಅರ್ಥಗಳಿವೆ. ನಾಲ್ಕನೆಯದರ ಪ್ರಯೋಗದ ಕೆಳಗೆ ‘ಸಂಪಾದಕ, ತನ್ನ ಹೆಂಡತಿಗೆ, ಅತಿಥಿಗಳೆದುರು’ ಎಂದಿದೆ.