ಹಿಮ್ಮಡಿಯ ಗೆರೆ

ಏಳನೇ ಇನ್ನಿಂಗ್ಸಿನ ಆ ಚೆಂಡಿಗೆ ನೇತ್ರಾ ಒಂದು ಗಳಿಗೆಯೂ ತಡೆಯದೆ ‘ಎರರ್’ ಎಂದು ಬರೆದಳು. ಇಷ್ಟು ಬೇಗ ಬರೆದುಬಿಟ್ಟೆನಲ್ಲ ಎಂದು ಅವಳಿಗೆ ಅನಿಸಿದ್ದು ಪೆನ್ನಿನ ಮುಚ್ಚಳ ಹಾಕುವಾಗ.

ಟಿಳಕವಾಡಿಯ ಮೈದಾನದಲ್ಲಿ ಜಿಲ್ಲಾ ತಂಡದ ಆಯ್ಕೆಗೆಂದು ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಗಳು ನಡೆದಿದ್ದವು. ಖಾನಾಪುರಕ್ಕೂ ಬೆಳಗಾವಿ ಶಹರಕ್ಕೂ ನಡೆದದ್ದೇ ಕೊನೆಯದು. ಕೊನೆಯದಾದ ಏಳನೇ ಇನ್ನಿಂಗ್ಸಿನವರೆಗೂ ಎರಡೂ ಕಡೆ ಒಂದು ರನ್ನೂ ಬಂದಿರಲಿಲ್ಲ. ಬೆಳಗಾವಿಯ ಇಬ್ಬರು ಔಟಾಗಿದ್ದರು, ಒಬ್ಬಳು ಎರಡನೇ ಬೇಸಿನಲ್ಲಿ ಕಾಯುತ್ತಿದ್ದಳು. ಖಾನಾಪುರದ ಪಿಚರ್ ಮಾಲಾ ಎಸೆದ ಚೆಂಡನ್ನು ಐಶ್ವರ್ಯಾ ಎಂಬ ಹುಡುಗಿ ನೆಲಕ್ಕೆ ಬಡಿದು ಹೋಗುವಂತೆ ಹೊಡೆದಳು. ಅದು ಮೂರನೇ ಬೇಸಿಗೂ ಶಾರ್ಟ್‌ಸ್ಟಾಪ್ ಎಂಬ ಕಾವಲು ಜಾಗದಲ್ಲಿ ನಿಂತಿದ್ದ ಖಾನಾಪುರದ ಸಾಯಲಿಗೂ ನಡುವೆ ಖಾಲಿ ಬಿದ್ದಿದ್ದ ನೆಲಕ್ಕೆ ನುಗ್ಗಿತು. ಸಾಯಲಿ ಓಡಿದಳು, ಓಡಿ ಸಾಲದೆ ಮೈಯನ್ನೇ ನೆಲಕ್ಕೆ ಚೆಲ್ಲಿದಳು. ಚೆಂಡು ಅವಳ ಗ್ಲೌಸಿನ ಅಂಚಿಗೆ ತಾಗಿ ಪಕ್ಕಕ್ಕೆ ಉರುಳಿತು. ಅಷ್ಟರಲ್ಲಿ ಎರಡನೇ ಬೇಸಿನವಳು ಹೋಮ್ ಬೇಸ್ ಮುಟ್ಟಿ ರನ್ ಗಳಿಸಿಯಾಗಿತ್ತು. ಖಾನಾಪುರ ಒಂದು ರನ್ನಿನಿಂದ ಸೋತಿತು.

ಎರರ್ ಎಂದರೆ ತಪ್ಪು ಸಾಯಲಿಯದು; ರನ್ನು ಪಿಚರಳ ಲೆಕ್ಕಕ್ಕೆ ಹೋಗುವುದಿಲ್ಲ. ಹಿಟ್ ಎಂದರೆ ಅದು ಹೊಡೆದವಳ ಗಳಿಕೆ, ಸಾಯಲಿಯ ಮೇಲೆ ತಪ್ಪಿಲ್ಲ. ರನ್ನು ಪಿಚರಳ ತಲೆಗೆ ಬರುತ್ತದೆ. ಪಿಚರ್ ಮಾಲಾ ನೇತ್ರಾಳ ಒಡಹುಟ್ಟಿದ ತಂಗಿ.

ಈ ಪಂದ್ಯಕ್ಕೆ ಮುಂಚೆ, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಖಾನಾಪುರದ ಕೋಚ್ ಶಶಿಧರ ಸರ್ ಮುಚ್ಚುಮರೆಯಿಲ್ಲದೆ ಹೇಳಿದ್ದರು. “ನಮ್ಮ ಊರಿಗೆ ಒಂದ ಜಾಗಾ ಉಳದೈತಿ ನೋಡ್ರವಾ. ಮಾಲಾ, ಇಲ್ಲಾ ಸಾಯಲಿ. ಈಕಿ ಲೆಕ್ಕಕ್ಕ ಇನ್ನೂ ಒಂದ ರನ್ ಬಿದ್ದಿಲ್ಲ, ಆಕಿ ಒಂದ ಬಾಲ್ ಬಿಟ್ಟಿಲ್ಲ. ಸಂಜಿಕೆ ಸ್ಕೋರ್‌ಬುಕ್ ನೋಡಿ ಹೆಸರು ಕರೀತಾರ.”

“ಹಂಗಾರ ಇಬ್ಬರನ್ನೂ ಅರ್ಧರ್ಧ ಕಳಸ್ರಿ ಸರ,” ಎಂದು ಸಾಯಲಿ ನಕ್ಕಿದ್ದಳು. “ಮಾಲಾಂದು ಕೈ, ನಂದು ಕಾಲು.”

“ಬಾಯಿ ಯಾರದ? ಅದೂ ನಿಂದ ಇರಲಿ, ದೊಡ್ಡದೈತಿ,” ಎಂದಿದ್ದಳು ಮಾಲಾ.

ಸ್ವಲ್ಪ ದೂರದಲ್ಲಿ ಕುಳಿತಿದ್ದ ನೇತ್ರಾ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ನಾಲ್ಕು ಜನರ ನಡುವೆ ಮಾತಾಡುವುದು ಅವಳಿಗೆ ಆಗುತ್ತಿರಲಿಲ್ಲ. ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅವ್ವ ಕಾಶವ್ವ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಮನೆಯಲ್ಲಿ ಒಬ್ಬರು ಸಾಲೆ ಬಿಡಬೇಕಾಯಿತು, ನೇತ್ರಾ ಬಿಟ್ಟಳು. ಅವಳ ಗ್ಲೌಸು ಮಾಲಾಳ ಕೈಗೆ ಬಂತು. ಈಗ ಅವಳು ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣದ ಬುಶ್‌ಗಳ ತೂತಿಗೆ ಅಳತೆಯ ಗೇಜ್ ತೂರಿಸಿ ನೋಡುವ ಕೆಲಸ ಮಾಡುತ್ತಾಳೆ. ಗೇಜಿಗೆ ಸರಿಹೊಂದಿದರೆ ಈ ಬುಟ್ಟಿಗೆ, ಇಲ್ಲದಿದ್ದರೆ ಆ ಬುಟ್ಟಿಗೆ. ಅಲ್ಲಿ ಅವಳು ಏನನ್ನೂ ಮನಸ್ಸಿನಿಂದ ತೀರ್ಮಾನಿಸಬೇಕಿಲ್ಲ.

ಸ್ಕೋರ್‌ಬುಕ್ ತುಂಬುವುದನ್ನು ಅವಳಿಗೆ ಕಲಿಸಿದವರು ತ್ರ್ಯಂಬಕ ಸರ್. ಟಿಳಕವಾಡಿಯವರು, ನಿವೃತ್ತ ಮಾಸ್ತರರು, ಈ ಪಂದ್ಯಗಳಿಗೆ ಮುಖ್ಯ ಸ್ಕೋರರ್. ಇವತ್ತು ಬರಬೇಕಾದವನಿಗೆ ಜ್ವರ ಬಂತೆಂದು ಪುಸ್ತಕವನ್ನು ಇವಳ ಕೈಗೆ ಕೊಟ್ಟಿದ್ದರು. ಕಲಿಸುವಾಗ ಅವರು ಹೇಳಿದ್ದ ಮಾತು ಅವಳಿಗೆ ಬಾಯಿಪಾಠವಾಗಿತ್ತು. “ಬಾಲ್ ಕೈಯಿಂದ ಬಿತ್ತು ಅನ್ನೂದು ನೋಡಿದವರೆಲ್ಲಾರೂ ಹೇಳತಾರ, ತಂಗಿ. ಅದಕ್ಕ ಸ್ಕೋರರ್ ಯಾಕ ಬೇಕು? ಆ ಜಾಗಾದಾಗ ಒಬ್ಬಾಕಿ ಸಾಧಾರಣ ಹುಡುಗಿ ನಿಂತಿದ್ಲು ಅಂತ ತಿಳಿ. ಸಾಧಾರಣ ಪ್ರಯತ್ನ ಮಾಡಿದ್ರ ಹಿಡೀತಿದ್ಲೋ ಇಲ್ಲೋ? ಹಿಡೀತಿದ್ರ ಎರರ್. ಇಲ್ಲಾಂದ್ರ ಹಿಟ್.”

ಪಂದ್ಯ ಮುಗಿದ ಮೇಲೆ ಸಾಯಲಿ ನಲ್ಲಿಯ ಬುಡದಲ್ಲಿ ಮೊಣಕಾಲು ತೊಳೆಯುತ್ತಿದ್ದಳು. ಕೆಂಪು ಮಣ್ಣಿನೊಂದಿಗೆ ರಕ್ತವೂ ಹರಿಯಿತು. ನೇತ್ರಾ ಹತ್ತಿರ ಹೋದಾಗ ಅವಳು ತಲೆ ಎತ್ತದೆ ಹೇಳಿದಳು: “ನಾ ಹಿಡೀಬೇಕಿತ್ತು ಅಕ್ಕಾ. ಗ್ಲೌಸಿಗೆ ಬಂದಿತ್ತು.”

ಶಶಿಧರ ಸರ್ ಕೂಡ ಅದನ್ನೇ ಅಂದರು. “ದಿನಾ ಇಂಥಾವು ಹತ್ತ ಹಿಡೀತಿದ್ದಿ. ಇವತ್ತ ಏನಾತು?”

ಹಾಗಾದರೆ ಬರೆದದ್ದು ಸರಿಯೇ ಆಯಿತಲ್ಲ. ಬಿಟ್ಟವಳೇ ಒಪ್ಪಿಕೊಂಡಿದ್ದಾಳೆ, ಕೋಚ್ ಒಪ್ಪಿದ್ದಾರೆ. ಯಾರೂ ಕೇಳುವವರಿಲ್ಲ. ನೇತ್ರಾ ಬೆಂಚಿನ ಮೇಲೆ ಕುಳಿತು, ತ್ರ್ಯಂಬಕ ಸರ್ ಅವರ ಸಹಿಗೆ ಕೊಡುವ ಮುಂಚೆ ಒಮ್ಮೆ ನೋಡೋಣವೆಂದು ಪುಸ್ತಕ ತೆರೆದಳು.

ಮೂರನೇ ಇನ್ನಿಂಗ್ಸಿಗೆ ಬಂದಾಗ ಅವಳ ಬೆರಳು ನಿಂತಿತು. ಅಲ್ಲಿ ಬ್ಯಾಟು ಹಿಡಿದಿದ್ದವಳು ಮಾಲಾ. ಅವಳೂ ಹಾಗೆಯೇ ನೆಲಕ್ಕೆ ಬಡಿದು ಹೊಡೆದಿದ್ದಳು. ಅದೇ ಖಾಲಿ ನೆಲ, ಅದೇ ವೇಗ. ಬೆಳಗಾವಿಯ ಶಾರ್ಟ್‌ಸ್ಟಾಪ್ ಎರಡು ಹೆಜ್ಜೆ ಹಾಕಿ, ತನ್ನಿಂದಾಗದೆಂದು ನಿಂತು, ಚೆಂಡು ಹೋಗುವುದನ್ನು ನೋಡಿದ್ದಳು. ನೇತ್ರಾ ಅದಕ್ಕೆ ಹಿಟ್ ಎಂದು ಬರೆದಿದ್ದಳು. ಆಗಲೂ ತಡೆದಿರಲಿಲ್ಲ.

ನಿಂತು ನೋಡಿದವಳ ಮೇಲೆ ತಪ್ಪಿಲ್ಲ. ಓಡಿ, ಬಿದ್ದು, ಗ್ಲೌಸಿನ ಅಂಚಿಗೆ ತಾಗಿಸಿದವಳ ಮೇಲೆ ತಪ್ಪು. ಎರಡು ಸಲವೂ ಬರೆದ ಕೈ ಒಂದೇ, ಎರಡು ಸಲವೂ ಒಳ್ಳೆಯದಾದದ್ದು ಮಾಲಾಗೆ.

ಎದುರಿಗೆ ಶಾಮಿಯಾನದ ಕೆಳಗೆ ಆಯ್ಕೆದಾರರು ಚಹಾ ಕುಡಿಯುತ್ತ ಕುಳಿತಿದ್ದರು. ಅವರ ಬಾಜು ತ್ರ್ಯಂಬಕ ಸರ್ ಕನ್ನಡಕ ಒರೆಸುತ್ತಿದ್ದರು. ಅಲ್ಲಿಯವರೆಗೆ ನಡೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

“ಸರ, ಒಂದ ಬರಹ ತಪ್ಪೇತಿ ಅನಸ್ತೈತ್ರಿ,” ಎಂದಳು. ದನಿ ಎಷ್ಟು ಸಣ್ಣದಿತ್ತೆಂದರೆ ಅವರು ಕಿವಿಗೆ ಕೈ ಇಟ್ಟರು. ಅವಳು ಮತ್ತೆ ಹೇಳಬೇಕಾಯಿತು. “ಸಾಯಲಿದು. ಏಳನೇದು.”

ತ್ರ್ಯಂಬಕ ಸರ್ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. “ಮಾಲಾ ನಿನ್ನ ತಂಗಿ ಹೌದಿಲ್ಲೋ?”

“ಹೌದ್ರಿ.”

“ನೀ ಎರರ್ ಬರದಾಗ ಕೇಳಬೇಕು ಅಂದಕೊಂಡೆ. ಕೇಳಲಿಲ್ಲ. ಪುಸ್ತಕ ಯಾರ ಕೈಯಾಗ ಐತಿ, ತೀರ್ಮಾನ ಅವರದ. ನಾ ಸಹಿ ಮಾಡೂತನಾ ಟೈಮ್ ಐತಿ ನಿನಗ.”

“ಒಂದ ಸಲ ಜಾಗಾ ನೋಡಿ ಬರ್ಲೇನ್ರಿ?”

“ಹೋಗು. ಐದ ನಿಮಿಷ.”

ಸಾಯಲಿಗೆ ಒಂದು ಅಭ್ಯಾಸವಿತ್ತು. ಪ್ರತಿ ಚೆಂಡಿಗೂ ಮುಂಚೆ ಬೂಟಿನ ಹಿಮ್ಮಡಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದು, ಅದರ ಮುಂದೆ ನಿಲ್ಲುತ್ತಿದ್ದಳು. ಕೊನೆಯ ಗೆರೆ ಇನ್ನೂ ಅಳಿಸಿರಲಿಲ್ಲ. ಅಲ್ಲಿಂದ ಆಚೆ, ಅವಳು ಬಿದ್ದಲ್ಲಿ ಮೊಣಕಾಲು ಮಣ್ಣನ್ನು ಉದ್ದಕ್ಕೆ ಕೆತ್ತಿದ ಗುರುತು. ನೇತ್ರಾ ಗೆರೆಯ ಮೇಲೆ ನಿಂತು ಎಣಿಸುತ್ತ ನಡೆದಳು. ಒಂಬತ್ತು ಹೆಜ್ಜೆ. ಅದರಾಚೆಗೂ ಒಂದು ಮೈಯುದ್ದ. ಸಾಲೆಯ ದಿನಗಳಲ್ಲಿ ತಾನು ಈ ಜಾಗದಲ್ಲಿ ಆಡಿದ್ದು ನೆನಪಾಯಿತು. ತಾನು ಚೆನ್ನಾಗಿಯೂ ಆಡುತ್ತಿರಲಿಲ್ಲ, ಕೆಟ್ಟದಾಗಿಯೂ ಅಲ್ಲ. ತಾನಾಗಿದ್ದರೆ ನಾಲ್ಕನೇ ಹೆಜ್ಜೆಗೆ ನಿಂತುಬಿಡುತ್ತಿದ್ದೆ ಅನಿಸಿತು. ಯಾರೂ ಬೈಯುತ್ತಿರಲಿಲ್ಲ.

ಮೈದಾನದ ಆಚೆ ಮಾಲಾ ಭುಜಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. ಅಕ್ಕ ಏನು ಅಳೆಯುತ್ತಿದ್ದಾಳೆಂದು ಅವಳಿಗೆ ತಿಳಿಯಿತು. ನೋಡುತ್ತ ನಿಂತಳು.

ನೇತ್ರಾ ವಾಪಸು ಬಂದು ಪೆನ್ನು ತೆಗೆದಳು. “ಅಳಸಬ್ಯಾಡ,” ಎಂದರು ತ್ರ್ಯಂಬಕ ಸರ್. “ಒಂದ ಗೀಟು ಹೊಡದು ಬಾಜು ಬರಿ, ಕೆಳಗ ನಿನ್ನ ಸಹಿ ಹಾಕು. ಮೊದಲ ಬರದದ್ದು ಕಾಣಬೇಕು.”

ಅವಳು ಎರರಿನ ಮೇಲೆ ಗೀಟು ಎಳೆದಳು. ಬಾಜು ಹಿಟ್ ಎಂದು ಬರೆದಳು. ಪಿಚರಳ ಸಾಲಿನಲ್ಲಿ ಅಲ್ಲಿಯವರೆಗೆ ಸೊನ್ನೆಯಿದ್ದ ಚೌಕದಲ್ಲಿ ಒಂದು ಎಂದು ತಿದ್ದಿದಳು.

ಹೆಸರು ಕರೆದಾಗ ಖಾನಾಪುರದಿಂದ ಸಾಯಲಿಯ ಹೆಸರು ಬಂತು. ಅವಳು ನಂಬದೆ ಅತ್ತಿತ್ತ ನೋಡಿದಳು.

ಸಂಜೆಯ ರೈಲಿನಲ್ಲಿ ಅಕ್ಕತಂಗಿ ಎದುರುಬದುರು ಕುಳಿತರು. ದೇಸೂರು ದಾಟಿದ ಮೇಲೆ ಮಾಲಾ ಅಕ್ಕನ ಕಡೆ ತಿರುಗಿದಳು.

“ಮೊದಲ ಎರರ್ ಅಂತ ಯಾಕ ಬರದಿ?” ಎಂದಳು.

ಗೊಂದಲದಲ್ಲಿ ಬರೆದೆ, ಬಿಸಿಲಿತ್ತು, ಸರಿಯಾಗಿ ಕಾಣಲಿಲ್ಲ ಎಂದೆಲ್ಲ ಹೇಳಬಹುದಿತ್ತು. ನೇತ್ರಾ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. “ಬಾಲ್ ಒಗದಾಕಿ ನೀ ಇದ್ದಿ ಅಂತ.”

“ಮತ್ಯಾಕ ಹೊಡದಿ ಗೀಟು? ಯಾರ ಕೇಳಿದ್ರು ನಿನಗ? ಸಾಯಲಿನ ಕೇಳಲಿಲ್ಲ!” ಮಾಲಾಳ ದನಿ ಏರಿತು. ಪಕ್ಕದವರು ತಿರುಗಿ ನೋಡಿದರು. “ನೀ ಸಾಲಿ ಬಿಟ್ಟದ್ದು ನಾ ಆಡಲಿ ಅಂತ ಅಲ್ಲೇನು? ಈಗ ನೀನ ಕಡದಿ.”

ನೇತ್ರಾ ಕೇಳಿದಳು: “ಮೂರನೇ ಇನ್ನಿಂಗ್ಸಿನ್ಯಾಗ ನೀ ಹೊಡದೆಲ್ಲಾ, ಅದು ಹಿಟ್ಟೋ, ಅವರ ತಪ್ಪೋ?”

“ಹಿಟ್ಟು ಅದು! ಆಕಿ ಎಲ್ಲಿ ಮುಟ್ಟತಿದ್ಲು ಅದನ್ನ? ಅಷ್ಟ ದೂರದ್ದು ಯಾರಿಂದನೂ…”

ಮಾಲಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಖಾನಾಪುರ ಬರುವವರೆಗೂ ಈ ಕಡೆ ನೋಡಲಿಲ್ಲ. ಸ್ಟೇಷನ್ನಿನಿಂದ ಮನೆಗೆ ಅವಳು ಮುಂದೆ ಹೋದಳು, ನೇತ್ರಾ ಹಿಂದೆ.

ಅವ್ವ ಹಾಸಿಗೆಯಿಂದಲೇ ಚಪ್ಪಲಿಯ ಸಪ್ಪಳ ಗುರುತು ಹಿಡಿದಳು. “ಬಂದ್ರೇನವಾ? ಏನಾತು? ಯಾರನ್ನ ತಗೊಂಡ್ರು?”

ನೇತ್ರಾ ಹೊಸ್ತಿಲ ಹೊರಗೆ ನಿಂತುಬಿಟ್ಟಳು. ಒಳಗೆ ಮಾಲಾ ಗ್ಲೌಸನ್ನು ಗೂಟಕ್ಕೆ ತೂಗುಹಾಕುತ್ತಿದ್ದಳು.

“ಸಾಯಲಿನ್ನ,” ಎಂದಳು.

“ನಿನ್ನ ಯಾಕ ಬಿಟ್ರು? ನಿನ್ನ ಲೆಕ್ಕಕ್ಕ ಒಂದೂ ರನ್ ಇಲ್ಲ ಅಂತಿದ್ದೆಲ್ಲಾ?”

ಹೊರಗಿದ್ದ ನೇತ್ರಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಒಂದ ರನ್ ಹೋತು ಅವ್ವಾ, ಕಡೀಕ,” ಎಂದಳು ಮಾಲಾ. “ನನ್ನ ಬಾಲಿಗೆ. ಛಲೋ ಹೊಡದ್ಲು ಆಕಿ.”